ಹಳೆಯ ಕಡಿಮೆ ಬಂಡವಾಳದ ಕೌಬಾಯ್ ಚಿತ್ರಗಳಲ್ಲಿ ಬಿಳಿಯರಲ್ಲದವರಿಗೆ ಜಾಗವಿತ್ತೇ? ತರಗತಿಯಲ್ಲಿ ಯಾವುದನ್ನು ತೋರಿಸಬಹುದು?

ಪ್ರಶ್ನೆ: ಉಪನ್ಯಾಸಕಿ, ಕಲಬುರಗಿ

ಎಲ್ಲರಿಗೂ ಶರಣಾರ್ಥಿ. ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ನಾನು ಸಿನಿಮಾ ಅಧ್ಯಯನದ ಐಚ್ಛಿಕ ಪತ್ರಿಕೆಯನ್ನು ಬೋಧಿಸುತ್ತಿದ್ದೇನೆ. ಅದರಲ್ಲಿ ಅಮೆರಿಕದ ಆರಂಭಕಾಲದ ವೆಸ್ಟರ್ನ್ ಚಿತ್ರಗಳಿಗೆ, ಅಂದರೆ ನಮ್ಮ ಮಂದಿ ಕೌಬಾಯ್ ಪಿಕ್ಚರ್ ಎಂದು ಕರೆಯುವ ಚಿತ್ರಗಳಿಗೆ, ಒಂದು ಘಟಕವೇ ಮೀಸಲಾಗಿದೆ. ಓದಲು ಸೂಚಿಸಿರುವ ಸಾಮಗ್ರಿ 1903ರ 'ದ ಗ್ರೇಟ್ ಟ್ರೇನ್ ರಾಬರಿ'ಯಿಂದ ಹೊರಟು ನೇರವಾಗಿ ದೊಡ್ಡ ಸ್ಟುಡಿಯೋಗಳ ಹೆಸರಾಂತ ಚಿತ್ರಗಳಿಗೆ ಹೋಗಿಬಿಡುತ್ತದೆ. ನಡುವೆ ವರ್ಷಕ್ಕೆ ನೂರಾರು ಸಂಖ್ಯೆಯಲ್ಲಿ ತಯಾರಾದ ಸಣ್ಣ ಚಿತ್ರಗಳ ಬಗ್ಗೆ ಅದರಲ್ಲಿ ಒಂದು ಪುಟವೂ ಇಲ್ಲ.

ಹೋದ ವಾರ ಚಿಂಚೋಳಿ ಕಡೆಯ ತಾಂಡಾದಿಂದ ಬರುವ ವಿದ್ಯಾರ್ಥಿನಿಯೊಬ್ಬಳು ತರಗತಿಯಲ್ಲಿ ಎದ್ದು ನಿಂತು, "ಮೇಡಂ, ಆ ದೇಶದಾಗ ದನ ಕಾಯೋ ಕೆಲಸಾನೂ ಬಿಳಿಯರೇ ಮಾಡ್ತಿದ್ರೇನು?" ಎಂದು ಕೇಳಿದಳು. ಕಪ್ಪು ಜನರು, ಮೆಕ್ಸಿಕನ್ನರು ಮತ್ತು ಮೂಲನಿವಾಸಿಗಳು ದೊಡ್ಡ ಸಂಖ್ಯೆಯಲ್ಲಿ ಆ ಕೆಲಸದಲ್ಲಿದ್ದರೆಂದೂ, ದನಗಾಹಿಗಳಲ್ಲಿ ನಾಲ್ವರಲ್ಲಿ ಒಬ್ಬರು ಕಪ್ಪು ಜನರಾಗಿದ್ದರೆಂಬ ಅಂದಾಜು ಇತಿಹಾಸಕಾರರಲ್ಲಿ ಪ್ರಚಲಿತವಾಗಿದೆಯೆಂದೂ ನಾನು ಹೇಳಿದೆ. ಹಾಗಿದ್ದರೆ ಅವರು ತೆರೆಯ ಮೇಲೆ ಏಕೆ ಕಾಣುವುದಿಲ್ಲ ಎಂಬುದು ಅವಳ ಮುಂದಿನ ಪ್ರಶ್ನೆಯಾಗಿತ್ತು.

ಇದಕ್ಕೆ ಉತ್ತರಿಸುವಾಗ ಅವಹೇಳನಕಾರಿ ದೃಶ್ಯಗಳ ತುಣುಕುಗಳನ್ನು ತೋರಿಸಿ 'ನೋಡಿ, ಹೀಗಿತ್ತು' ಎಂದು ಮುಗಿಸಲು ನನಗೆ ಮನಸ್ಸಿಲ್ಲ. ಕಡಿಮೆ ಹಣದಲ್ಲಿ ತಯಾರಾದ ಆ ಚಿತ್ರಗಳಲ್ಲಿ, ದೊಡ್ಡ ಚಿತ್ರಗಳಲ್ಲಿ ಸಿಗದ ಜಾಗ ಯಾರಿಗಾದರೂ ಸಿಕ್ಕಿತ್ತೇ? ಸಿಕ್ಕಿದ್ದರೆ ಅದು ಎಂಥ ಜಾಗ? ವಿದ್ಯಾರ್ಥಿಗಳಿಗೆ ಇಡಿಯಾಗಿ ತೋರಿಸಬಹುದಾದ ಚಿತ್ರಗಳು ಯಾವುವು? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಕೋಟೆ ಓಣಿ, ಬೀದರ್

ಮೇಡಂ ಅವರಿಗೆ ನಮಸ್ಕಾರ. ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರವನ್ನು ಮೂಕಿ ಚಿತ್ರಗಳಿಂದಲೇ ಆರಂಭಿಸಬೇಕು, ಏಕೆಂದರೆ 1909ರಿಂದ 1914ರವರೆಗಿನ ಐದಾರು ವರ್ಷಗಳಲ್ಲಿ ಮೂಲನಿವಾಸಿಗಳಿಗೆ ತೆರೆಯ ಮೇಲೂ ಕ್ಯಾಮೆರಾದ ಹಿಂದೆಯೂ ದೊರೆತಿದ್ದ ಅವಕಾಶ ಮುಂದೆ ಎಷ್ಟೋ ದಶಕಗಳವರೆಗೆ ದೊರೆಯಲಿಲ್ಲ.

ಆಗ ಒಂದು ಚಿತ್ರವೆಂದರೆ ಒಂದು ರೀಲು, ಹತ್ತು ಹನ್ನೆರಡು ನಿಮಿಷಗಳ ಕಥೆ. ವಾರವಾರವೂ ಹೊಸ ಕಥೆ ಬೇಕಾಗಿದ್ದುದರಿಂದ ಕಂಪನಿಗಳು ಬೇಗ ಬೇಗ ಚಿತ್ರ ಮಾಡುವವರನ್ನು ಹುಡುಕುತ್ತಿದ್ದವು. ಫ್ರಾನ್ಸಿನ ಪಾತೆ ಕಂಪನಿ ತಯಾರಿಸಿದ 'ಇಂಡಿಯನ್' ಕಥೆಗಳು, ಅಂದರೆ ಅಮೆರಿಕದ ಮೂಲನಿವಾಸಿಗಳ ಕಥೆಗಳು, ಅಮೆರಿಕದ ಪ್ರೇಕ್ಷಕರಿಗೆ ಸುಳ್ಳೆನಿಸಿ ಟೀಕೆಗೆ ಗುರಿಯಾದಾಗ, ಆ ಕಂಪನಿ ಅಮೆರಿಕದಲ್ಲೇ ಚಿತ್ರೀಕರಣಕ್ಕಿಳಿದು ಜೇಮ್ಸ್ ಯಂಗ್ ಡೀರ್ ಎಂಬ ಮೂಲನಿವಾಸಿ ಹಿನ್ನೆಲೆಯ ನಟ ಮತ್ತು ನಿರ್ದೇಶಕನನ್ನು ನೇಮಿಸಿಕೊಂಡಿತು. ಲಾಸ್ ಏಂಜಲೀಸ್‌ನಲ್ಲಿದ್ದ ಅದರ ಸ್ಟುಡಿಯೋದ ಹೊಣೆಯೂ ಆತನಿಗೇ ಬಂತು. ಆತನ ಪತ್ನಿ ಲಿಲಿಯನ್ ಸೇಂಟ್ ಸಿರ್ ನೆಬ್ರಾಸ್ಕಾದ ವಿನೆಬಾಗೊ ಜನಾಂಗದಲ್ಲಿ ಹುಟ್ಟಿದವರು, ರೆಡ್ ವಿಂಗ್ ಎಂಬ ಹೆಸರಿನಲ್ಲಿ ನಟಿಸುತ್ತಿದ್ದರು. 1914ರಲ್ಲಿ ಸಿಸಿಲ್ ಬಿ. ಡಿಮಿಲ್ ಮತ್ತು ಆಸ್ಕರ್ ಆಪ್‌ಫೆಲ್ ನಿರ್ದೇಶಿಸಿದ 'ದ ಸ್ಕ್ವಾ ಮ್ಯಾನ್' ಚಿತ್ರದ ಮುಖ್ಯ ಸ್ತ್ರೀಪಾತ್ರವೂ ಅವರದೇ.

ನೀವು ತೋರಿಸಲೇಬೇಕಾದದ್ದು ಯಂಗ್ ಡೀರ್ ನಿರ್ದೇಶಿಸಿದ 1910ರ 'ವೈಟ್ ಫಾನ್ಸ್ ಡಿವೋಶನ್'. ಅದು ಹನ್ನೊಂದು ನಿಮಿಷಗಳ ಚಿತ್ರ. ಬಿಳಿಯ ಗಂಡ, ಮೂಲನಿವಾಸಿ ಹೆಂಡತಿ, ಅವರಿಗೊಂದು ಮಗು. ಗಂಡನಿಗೆ ದೂರದಿಂದ ಆಸ್ತಿ ಬಂದಿರುವುದಾಗಿ ಕಾಗದ ಬರುತ್ತದೆ. ಅವನು ಹೋದರೆ ಮರಳುವುದಿಲ್ಲವೆಂದು ನೊಂದ ಹೆಂಡತಿ ತನ್ನನ್ನೇ ಚಾಕುವಿನಿಂದ ಇರಿದುಕೊಳ್ಳುತ್ತಾಳೆ, ಚಾಕು ಹಿಡಿದು ನಿಂತ ಅಪ್ಪನನ್ನು ಕಂಡ ಮಗು ಅವನೇ ಕೊಂದನೆಂದು ತಿಳಿದು ತಾಯಿಯ ಕುಲದವರ ಊರಿಗೆ ಓಡುತ್ತದೆ. ಕುಲದವರು ಅಪ್ಪನನ್ನು ಬೆನ್ನಟ್ಟುವ ದೃಶ್ಯಗಳು ಸಾಮಾನ್ಯವಾಗಿಯೇ ಇವೆ. ಆದರೆ ಅದು ಬಿಳಿಯನನ್ನು ಸುಮ್ಮನೆ ಬೇಟೆಯಾಡುವ ಗುಂಪಲ್ಲ, ತನ್ನ ಮಗಳಿಗೆ ನ್ಯಾಯ ಕೇಳುವ ಕುಲವೆಂಬುದು ಪ್ರೇಕ್ಷಕನಿಗೆ ಮೊದಲೇ ಗೊತ್ತಿರುತ್ತದೆ. ಶಿಕ್ಷೆ ಜಾರಿಯಾಗುವ ಹೊತ್ತಿಗೆ ಚೇತರಿಸಿಕೊಂಡ ಹೆಂಡತಿ ಬಂದು ತಡೆಯುತ್ತಾಳೆ. ಮಿಶ್ರವಿವಾಹದ ಆ ಸಂಸಾರ ಕೊನೆಗೂ ಉಳಿಯುತ್ತದೆ. ಆ ಕಾಲದ ಇಂಥ ಕಥೆಗಳಲ್ಲಿ ಹೆಂಡತಿ ಸತ್ತು ಬಿಳಿಯ ಗಂಡನಿಗೆ ದಾರಿ ಬಿಟ್ಟುಕೊಡುವುದೇ ರೂಢಿಯಾಗಿತ್ತು, 'ದ ಸ್ಕ್ವಾ ಮ್ಯಾನ್' ಕೂಡ ಹಾಗೆಯೇ ಮುಗಿಯುತ್ತದೆ. ಈ ಎರಡು ಅಂತ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದರೆ ನಿಮ್ಮ ಅರ್ಧ ಪಾಠ ಆದಂತೆಯೇ. ಯಂಗ್ ಡೀರ್ ಚಿತ್ರ 2008ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಸಂರಕ್ಷಣಾ ಪಟ್ಟಿಗೆ ಸೇರಿತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಚಿತ್ರಣ ಅಪೂರ್ಣವಾಗುತ್ತದೆ. ನಿರ್ಮಾಪಕ ಥಾಮಸ್ ಇನ್ಸ್ ಅದೇ ಕಾಲದಲ್ಲಿ 101 ರ‍್ಯಾಂಚ್ ಎಂಬ ಪ್ರದರ್ಶನ ತಂಡದಿಂದ ಲಕೋಟಾ ಎಂಬ ಮೂಲನಿವಾಸಿ ಜನಾಂಗದ ಕಲಾವಿದರನ್ನು ಕರೆತಂದು, ಕ್ಯಾಲಿಫೋರ್ನಿಯಾದ ಕಡಲತೀರದ ಗುಡ್ಡಗಳಲ್ಲಿ ಅವರ ಬಿಡಾರಗಳನ್ನೇ ಹಾಕಿಸಿ ಚಿತ್ರಗಳನ್ನು ಮಾಡಿದ. ಅವರು ತಮಗೆ ಗೊತ್ತುಪಡಿಸಿದ್ದ ಮೀಸಲು ಪ್ರದೇಶದಿಂದ ಹೊರಗೆ ಬಂದು ದುಡಿಯುವುದಕ್ಕೂ ಸರ್ಕಾರದ ಅಧಿಕಾರಿಗಳ ಒಪ್ಪಿಗೆ ಬೇಕಾಗಿತ್ತು. 1914ರ 'ದ ಲಾಸ್ಟ್ ಆಫ್ ದ ಲೈನ್' ಚಿತ್ರದಲ್ಲಿ ಕುಲದ ಮುಖ್ಯಸ್ಥನ ಪಾತ್ರವನ್ನು ಜೋ ಗುಡ್‌ಬಾಯ್ ಎಂಬ ಲಕೋಟಾ ವ್ಯಕ್ತಿ ವಹಿಸಿದರೆ, ಅವನ ಮಗನ ಪಾತ್ರವನ್ನು ಜಪಾನಿನ ಸೆಸ್ಸೂ ಹಯಾಕಾವಾ ವಹಿಸಿದ. ಕಥೆಯ ಭಾರ ಹೊರುವ ಪಾತ್ರಕ್ಕೆ ಬಂದಾಗ, ಶಿಬಿರದ ತುಂಬ ಮೂಲನಿವಾಸಿ ಕಲಾವಿದರಿದ್ದರೂ ಬೇರೆಯವರನ್ನೇ ಆರಿಸಲಾಯಿತು. ಚಿತ್ರಗಳಲ್ಲಿ ತಮ್ಮ ಜನರನ್ನು ತೋರಿಸುತ್ತಿದ್ದ ರೀತಿಯ ವಿರುದ್ಧ 1911ರಷ್ಟು ಹಿಂದೆಯೇ ಹಲವು ಬುಡಕಟ್ಟುಗಳ ಪ್ರತಿನಿಧಿಗಳು ವಾಷಿಂಗ್ಟನ್‌ವರೆಗೂ ದೂರು ಒಯ್ದಿದ್ದರು. ಆ ಕಾಲದಲ್ಲಿ ಯಾರಿಗೂ ಇದು ತಪ್ಪೆಂದು ತೋರಿರಲಿಲ್ಲ ಎಂದು ಹೇಳುವವರಿಗೆ ಇದನ್ನು ನೆನಪಿಸಬೇಕು.

1913ರ ಆಸುಪಾಸಿನಲ್ಲಿ ಯಂಗ್ ಡೀರ್ ಆ ಸ್ಥಾನದಿಂದ ಹೊರಬಿದ್ದ. ಚಿತ್ರಗಳು ಉದ್ದವಾದವು, ಬಂಡವಾಳ ಬೆಳೆಯಿತು, ಬ್ಯಾಂಕಿನವರು ಬಂದರು, ನಿರ್ದೇಶಕನ ಕುರ್ಚಿಯಲ್ಲಿ ಅಂಥವರು ಕಾಣುವುದು ತೀರ ಅಪರೂಪವಾಯಿತು. ಹಣ ಕಡಿಮೆಯಿದ್ದ ಕಾಲದಲ್ಲಿ ತೆರೆದಿದ್ದ ಬಾಗಿಲು ಹಣ ಬಂದ ಮೇಲೆ ಮುಚ್ಚಿತೆಂಬುದು ನನ್ನ ತಿಳುವಳಿಕೆ.

ಉತ್ತರ: ರೀಲು ಡಬ್ಬಿ, ಕಲಬುರಗಿ

ನಾನು ಬಹಳ ವರ್ಷ ಚಿತ್ರ ವಿತರಣೆಯ ಕೆಲಸದಲ್ಲಿದ್ದವನು. ಬೀದರಿನ ಸರ್ ಬರೆದದ್ದನ್ನು ಒಪ್ಪುತ್ತಲೇ, ಆ ಬಾಗಿಲು ತೆರೆದದ್ದೂ ಮುಚ್ಚಿದ್ದೂ ಏಕೆಂಬುದನ್ನು ವ್ಯಾಪಾರದ ಕಡೆಯಿಂದ ಹೇಳಲು ಇಚ್ಛಿಸುತ್ತೇನೆ.

ಹಾಲಿವುಡ್‌ನ ಸಣ್ಣ ಕಂಪನಿಗಳು ತಮ್ಮ ಚಿತ್ರಗಳನ್ನು ದೇಶದಾದ್ಯಂತ ತಾವೇ ಬಿಡುಗಡೆ ಮಾಡುವಷ್ಟು ಶಕ್ತವಾಗಿರಲಿಲ್ಲ. ಪ್ರದೇಶ ಪ್ರದೇಶವಾಗಿ ಹಕ್ಕುಗಳನ್ನು ಸ್ಥಳೀಯ ವಿತರಕರಿಗೆ ಮಾರುತ್ತಿದ್ದವು. ನಮ್ಮ ಬೀದರ್, ಕಲಬುರಗಿ, ರಾಯಚೂರು ಭಾಗ ಹಿಂದಿ ಚಿತ್ರಗಳ ವ್ಯಾಪಾರದಲ್ಲಿ ಇಂದಿಗೂ ನಿಜಾಂ ಏರಿಯಾ ಎಂಬ ವಿತರಣಾ ವಲಯದ ಲೆಕ್ಕಕ್ಕೆ ಸೇರುವುದನ್ನು ಬಲ್ಲವರಿಗೆ ಈ ಪದ್ಧತಿ ಹೊಸದಲ್ಲ. ಇಂಥ ಚಿತ್ರಗಳು ಒಂದು ಗಂಟೆಗಿಂತ ಕಡಿಮೆಯವು, ಒಂದು ವಾರದೊಳಗೆ ಚಿತ್ರೀಕರಣ ಮುಗಿಯುವಂಥವು. ದನಗಳ ಹಿಂಡು ಓಡುವ ದೃಶ್ಯ ಬೇಕಾದರೆ ಹಳೆಯ ಚಿತ್ರದ ತುಣುಕನ್ನೇ ಮತ್ತೆ ಜೋಡಿಸುತ್ತಿದ್ದರು. ಮಾನೋಗ್ರಾಮ್, ರಿಪಬ್ಲಿಕ್, ಗ್ರ್ಯಾಂಡ್ ನ್ಯಾಷನಲ್ ಮುಂತಾದವು ಇಂಥ ಅಗ್ಗದ ಚಿತ್ರಗಳನ್ನು ಮಾಡುತ್ತಿದ್ದ ಕಂಪನಿಗಳು. ದೊಡ್ಡ ಚಿತ್ರ ಎಲ್ಲರನ್ನೂ ಮೆಚ್ಚಿಸಬೇಕಾಗಿತ್ತು, ದಕ್ಷಿಣದ ಬಿಳಿಯ ಪ್ರದರ್ಶಕ ಸಿಟ್ಟಾದರೆ ಅದಕ್ಕೆ ನಷ್ಟ. ಸಣ್ಣ ಚಿತ್ರಕ್ಕಾದರೆ ಒಂದು ಸಣ್ಣ ಪ್ರೇಕ್ಷಕವರ್ಗ ಸಾಕಾಗಿತ್ತು.

ಆ ಸಣ್ಣ ವರ್ಗಗಳಲ್ಲಿ ಮುಖ್ಯವಾದದ್ದು ಕಪ್ಪು ಪ್ರೇಕ್ಷಕರದು. ದಕ್ಷಿಣದ ಅನೇಕ ಊರುಗಳಲ್ಲಿ ಅವರು ಬೇರೆ ಬಾಗಿಲಿನಿಂದ ಒಳಹೊಕ್ಕು ಬಾಲ್ಕನಿಯಲ್ಲೇ ಕೂರಬೇಕಾಗಿತ್ತು, ಇಲ್ಲವೇ ಬಿಳಿಯರ ಆಟಗಳೆಲ್ಲ ಮುಗಿದ ಮೇಲೆ ನಡುರಾತ್ರಿಯ ಆಟಕ್ಕೆ ಬರಬೇಕಾಗಿತ್ತು. ಅವರಿಗಾಗಿಯೇ ನಡೆಯುತ್ತಿದ್ದ ಟಾಕೀಸುಗಳೂ ನೂರಾರಿದ್ದವು. ಅವಕ್ಕೆ ಚಿತ್ರ ಒದಗಿಸುವ ಉದ್ದಿಮೆ 1910ರ ದಶಕದಲ್ಲೇ ಹುಟ್ಟಿತು. ನೋಬಲ್ ಜಾನ್ಸನ್ ಮತ್ತು ಸಂಗಡಿಗರ ಲಿಂಕನ್ ಮೋಷನ್ ಪಿಕ್ಚರ್ ಕಂಪನಿ 1916ರಲ್ಲಿ ಕಪ್ಪು ಅಶ್ವದಳದ ಸೈನಿಕರನ್ನು ಕುರಿತು ಚಿತ್ರ ಮಾಡಿತು. ಆಸ್ಕರ್ ಮಿಶೋ ಎಂಬವರು ಸೌತ್ ಡಕೋಟಾದಲ್ಲಿ ಸ್ವತಃ ಜಮೀನು ಹಿಡಿದು ಸಾಗುವಳಿ ಮಾಡಿದವರು. ಆ ಅನುಭವವನ್ನು ಕಾದಂಬರಿಯಾಗಿ ಬರೆದು, 1919ರಲ್ಲಿ 'ದ ಹೋಮ್‌ಸ್ಟೆಡರ್' ಎಂಬ ಚಿತ್ರವಾಗಿಸಿ, ಪ್ರಿಂಟನ್ನು ತಾವೇ ಹೊತ್ತು ಊರೂರು ತಿರುಗಿ ಟಾಕೀಸಿನವರೊಡನೆ ವ್ಯವಹಾರ ಕುದುರಿಸುತ್ತಿದ್ದರು. ಆ ಚಿತ್ರ ಈಗ ಉಳಿದಿಲ್ಲ. ಮರುವರ್ಷದ 'ದ ಸಿಂಬಲ್ ಆಫ್ ದ ಅನ್‌ಕಾಂಕರ್ಡ್' ಉಳಿದಿದೆ, ಅದೂ ಬೆಲ್ಜಿಯಂನಲ್ಲಿ ಸಿಕ್ಕ ಪ್ರಿಂಟಿನಿಂದಾಗಿ.

ಆ ಚಿತ್ರದ ಒಂದು ದೃಶ್ಯವನ್ನು ನಿಮ್ಮ ವಿದ್ಯಾರ್ಥಿಗಳು ಮರೆಯಲಾರರು. ತನ್ನ ಹುಟ್ಟನ್ನು ಮುಚ್ಚಿಟ್ಟು ಬಿಳಿಯನೆಂದು ಬದುಕುತ್ತಿರುವ ಹೋಟೆಲಿನವನೊಬ್ಬ, ದಣಿದು ಬಂದ ಯುವತಿಗೆ ಮೊದಲು ನಗುನಗುತ್ತ ಮಾತನಾಡಿಸುತ್ತಾನೆ. ಅವಳ ಮುಖವನ್ನು ದಿಟ್ಟಿಸಿದ ಮೇಲೆ ಅವಳೂ ತನ್ನಂತೆಯೇ ಮಿಶ್ರ ವಂಶದವಳೆಂದು ಅವನಿಗೆ ಹೊಳೆಯುತ್ತದೆ. ಅವನ ಮುಖ ಬದಲಾಗುತ್ತದೆ. ರಾತ್ರಿ ಮಲಗಲು ಅವಳಿಗೆ ಸಿಗುವುದು ಕೊಟ್ಟಿಗೆ. ಬಿಳಿಯ ಖಳನೊಬ್ಬ ಮಾಡಬಹುದಾಗಿದ್ದ ಕೆಲಸವನ್ನು ಮಿಶೋ, ತನ್ನವರಿಂದಲೇ ತಪ್ಪಿಸಿಕೊಂಡು ಓಡುತ್ತಿರುವವನ ಕೈಯಲ್ಲಿ ಮಾಡಿಸುತ್ತಾರೆ. ಇಷ್ಟು ಒಳಗಿನ ನೋವು ಹೊರಗಿನಿಂದ ಬಂದ ನಿರ್ದೇಶಕನಿಗೆ ಕಾಣುತ್ತಿತ್ತೆಂದು ನನಗೆ ಅನಿಸುವುದಿಲ್ಲ. ಕಪ್ಪು ಜನರ ಮೇಲೆ ದಾಳಿ ಮಾಡುತ್ತಿದ್ದ ಬಿಳಿಯರ ಗುಪ್ತಸಂಘ ಕೂ ಕ್ಲಕ್ಸ್ ಕ್ಲಾನ್‌ನ ಮುಸುಕುಧಾರಿಗಳನ್ನು ಹಿಮ್ಮೆಟ್ಟಿಸುವ ಕೊನೆಯ ಭಾಗದ ಬಹುಪಾಲು ಮಾತ್ರ ಈಗಿನ ಪ್ರತಿಯಲ್ಲಿಲ್ಲ.

ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ರಿಚರ್ಡ್ ನಾರ್ಮನ್ ಎಂಬ ಬಿಳಿಯ ನಿರ್ಮಾಪಕ ಕಪ್ಪು ಕಲಾವಿದರೊಂದಿಗೇ ಚಿತ್ರಗಳನ್ನು ಮಾಡುತ್ತಿದ್ದ. ಟೆಕ್ಸಾಸ್‌ನ ನಿಜವಾದ ದನಗಾಹಿ ಬಿಲ್ ಪಿಕೆಟ್, ಓಡುವ ಹೋರಿಯ ಮೇಲೆ ಕುದುರೆಯಿಂದ ಜಿಗಿದು ಕೊಂಬು ಹಿಡಿದು ಕೆಡಹುವ ವಿದ್ಯೆಗೆ ಹೆಸರಾದವರು. ಅವರು ನಾರ್ಮನ್‌ನ 'ದ ಬುಲ್-ಡಾಗರ್' ಮತ್ತು 'ದ ಕ್ರಿಮ್ಸನ್ ಸ್ಕಲ್' ಚಿತ್ರಗಳಲ್ಲಿದ್ದಾರೆ. ಎರಡನೆಯದನ್ನು ಒಕ್ಲಹೋಮಾದಲ್ಲಿ ಕಪ್ಪು ಜನರೇ ಕಟ್ಟಿದ ಬೋಲಿ ಎಂಬ ಊರಿನಲ್ಲಿ ಚಿತ್ರೀಕರಿಸಲಾಯಿತು. ನ್ಯೂಯಾರ್ಕಿನಲ್ಲಿ ತಮ್ಮದೇ ನಾಟಕ ಕಂಪನಿ ಕಟ್ಟಿದ್ದ ಅನಿತಾ ಬುಶ್ ಅದರ ನಾಯಕಿ. ಒಂದೇ ಕಾಲಿನ ಸ್ಟೀವ್ ರೆನಾಲ್ಡ್ಸ್ ಕೂಡ ಅದರಲ್ಲಿದ್ದಾರೆ. ಇದೇ ರೆನಾಲ್ಡ್ಸ್ 1926ರ 'ದ ಫ್ಲೈಯಿಂಗ್ ಏಸ್' ಚಿತ್ರದಲ್ಲಿ ಊರುಗೋಲಿನೊಂದಿಗೆ ಸೈಕಲ್ ಹೊಡೆದು ಕಳ್ಳರ ಬೆನ್ನು ಹತ್ತುತ್ತಾರೆ, ಕನಿಕರಕ್ಕಾಗಿ ತೆರೆಗೆ ತಂದ ಪಾತ್ರ ಅದಲ್ಲ. ಅದು ಕೌಬಾಯ್ ಚಿತ್ರವಲ್ಲದಿದ್ದರೂ ನಾರ್ಮನ್‌ನ ಚಿತ್ರಗಳಲ್ಲಿ ಇಡಿಯಾಗಿ ಉಳಿದಿರುವುದು ಅದೇ. ಪಿಕೆಟ್ ಅವರ ಚಿತ್ರಗಳದ್ದು ಪೋಸ್ಟರುಗಳೂ ಕೆಲವು ತುಣುಕುಗಳೂ ಮಾತ್ರ ಉಳಿದಿವೆ. ಅಮೆರಿಕದ ಮೂಕಿ ಕಥಾಚಿತ್ರಗಳಲ್ಲಿ ಶೇಕಡಾ 70ರಷ್ಟು ಪೂರ್ತಿ ನಾಶವಾಗಿವೆಯೆಂದು ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಪ್ರಿಂಟುಗಳೇ ಎರಡು ಮೂರಿದ್ದ ಸಣ್ಣ ಕಂಪನಿಗಳ ಗತಿ ಏನಾಗಿರಬೇಕೆಂದು ರೀಲಿನ ಡಬ್ಬಿ ಎತ್ತಿಟ್ಟವರಿಗೆ ಹೇಳಬೇಕಾಗಿಲ್ಲ.

ಚಿತ್ರಗಳಿಗೆ ಮಾತು ಬಂದ ಮೇಲೆ, ಎರ್ಲ್ ಹೈನ್ಸ್ ವಾದ್ಯವೃಂದದ ಗಾಯಕ ಹರ್ಬ್ ಜೆಫ್ರೀಸ್, ಹಾಡುವ ಕಪ್ಪು ಕೌಬಾಯ್ ಆಗಿ ನಾಲ್ಕು ಚಿತ್ರಗಳಲ್ಲಿ ಬಂದರು. ಮೊದಲನೆಯದು 1937ರ 'ಹಾರ್ಲೆಮ್ ಆನ್ ದ ಪ್ರೇರಿ', ಚೆನ್ನಾಗಿ ನೋಡಸಿಗುವುದು 1939ರ 'ದ ಬ್ರಾಂಜ್ ಬಕರೂ'. ಕಪ್ಪು ಮನುಷ್ಯನೊಬ್ಬ ಒಳ್ಳೆಯ ಕುದುರೆಯೇರಿ, ಬಿಳಿಯ ಟೋಪಿ ಹಾಕಿ, ಊರಿನ ಅನ್ಯಾಯವನ್ನು ತಡೆದು, ಹಾಡುತ್ತ ಹೋಗುವುದನ್ನು ಮಕ್ಕಳು ಮೊದಲ ಬಾರಿಗೆ ನೋಡಿದರು. ಅದು ಸಣ್ಣ ಸಂಗತಿಯೆಂದು ನಾನು ಎಂದೂ ಒಪ್ಪಲಾರೆ.

ಉತ್ತರ: ಓದುಗ, ಸುರಪುರ

ಇಬ್ಬರು ಹಿರಿಯರೂ ಕೊಟ್ಟ ಮಾಹಿತಿಗೆ ಋಣಿ. ಆದರೆ ತೆರೆಯ ಮೇಲೆ ಮುಖ ಕಾಣಿಸಿದ ಮಾತ್ರಕ್ಕೆ ಪ್ರಾತಿನಿಧ್ಯ ಸಿಕ್ಕಿತೆನ್ನುವುದಕ್ಕೆ ನಾನು ಸಿದ್ಧನಿಲ್ಲ.

'ದ ಬ್ರಾಂಜ್ ಬಕರೂ' ಚಿತ್ರವನ್ನೇ ತೆಗೆದುಕೊಳ್ಳೋಣ. ನಾಯಕ ತಿಳಿ ಮೈಬಣ್ಣದ, ತಿದ್ದಿದ ಮಾತಿನ ಯುವಕ. ಅವನ ಸಂಗಡಿಗನಾದ ಹಾಸ್ಯಪಾತ್ರದವನಿಗೆ, ಮಾತನಾಡುವ ಹೇಸರಗತ್ತೆಯೆಂದು ನಂಬಿಸಿ, ಬಾಯಿ ಅಲುಗಿಸದೆ ದನಿ ಹೊರಡಿಸುವ ಚಾಲಾಕಿಯೊಬ್ಬ ಒಂದು ಪ್ರಾಣಿಯನ್ನು ಮಾರುತ್ತಾನೆ. ಜಮೀನಿನೊಳಗಿನ ಚಿನ್ನಕ್ಕಾಗಿ ಕೊಲೆ ನಡೆದಿರುವ ಕಥೆಯಲ್ಲಿ ಈ ಹೇಸರಗತ್ತೆಯ ಪ್ರಸಂಗಕ್ಕೆ ದೊರೆತಿರುವ ಸಮಯವನ್ನು ಗಮನಿಸಿ. ಪೆದ್ದನಾದ ಕಪ್ಪು ಹಾಸ್ಯಗಾರನೆಂಬ ಅಚ್ಚು ಬಿಳಿಯರ ರಂಗಭೂಮಿಯಲ್ಲಿ ತಯಾರಾದದ್ದು, ಇಲ್ಲಿಯೂ ಅದೇ ಉಳಿದಿದೆ. ನಿರ್ದೇಶಕ ರಿಚರ್ಡ್ ಕಾನ್ ಬಿಳಿಯ. ಇನ್ನೂ ಮುಖ್ಯವಾದ ಮಾತೆಂದರೆ, ಆ ಊರಿನಲ್ಲಿ ಬಿಳಿಯರೇ ಇಲ್ಲ. ಆದ್ದರಿಂದ ವರ್ಣಭೇದವೂ ಇಲ್ಲ. ಮೂಲನಿವಾಸಿಗಳೂ ಇಲ್ಲ, ಆದ್ದರಿಂದ ಜಮೀನು ಮೊದಲು ಯಾರದೆಂಬ ಪ್ರಶ್ನೆಯೂ ಇಲ್ಲ. ಮಿಶೋ ಇಪ್ಪತ್ತು ವರ್ಷ ಮೊದಲೇ ಎತ್ತಿದ ಪ್ರಶ್ನೆಗಳನ್ನೆಲ್ಲ ಈ ಚಿತ್ರ ಬದಿಗಿರಿಸಿ, ಬಿಳಿಯರ ಕೌಬಾಯ್ ಕಥೆಯ ಚೌಕಟ್ಟಿನಲ್ಲಿ ಮುಖಗಳನ್ನು ಮಾತ್ರ ಬದಲಿಸಿತು.

ನಮ್ಮ ಭಾಗದವರಿಗೆ ಇದು ಅರ್ಥವಾಗುವಷ್ಟು ಬೇರೆಯವರಿಗೆ ಆಗದು. ಕನ್ನಡ ಚಿತ್ರಗಳಲ್ಲಿ ಕಲಬುರಗಿ, ಯಾದಗಿರಿಯ ಮಾತು ಕೇಳಿಬರುವುದು ಬಹುತೇಕ ನಗಿಸುವ ಪಾತ್ರದ ಬಾಯಲ್ಲಿ. ಅದೂ ಬೀದರಿನ ಮಾತಿಗೂ ಧಾರವಾಡದ ಮಾತಿಗೂ ಇರುವ ಅಂತರ ತಿಳಿಯದವರು ಕಲಸಿದ ಒಂದು ಮಾತು. ತಾಂಡಾದ ಹೆಣ್ಣುಮಕ್ಕಳು ತೆರೆಗೆ ಬರುವುದು ಕನ್ನಡಿ ಹೊಲಿದ ಉಡುಪಿನ ಕುಣಿತಕ್ಕಾಗಿ. ಅವರು ತಮ್ಮ ಲಂಬಾಣಿ ನುಡಿಯಾದ ಗೋರ್ ಬೋಲಿಯಲ್ಲಿ ಮಾತನಾಡುತ್ತಾರೆಂಬುದಾಗಲಿ, ಸುಗ್ಗಿ ಮುಗಿದೊಡನೆ ಪುಣೆ ಮುಂಬಯಿಗಳಿಗೆ ದುಡಿಯಲು ಹೋಗುತ್ತಾರೆಂಬುದಾಗಲಿ ಕಥೆಗೆ ಬೇಕಾಗುವುದಿಲ್ಲ. ನಮ್ಮ ಸುರಪುರದ ಬೇಡರ ಸಂಸ್ಥಾನದ ಬಗ್ಗೆ ಇಂಗ್ಲಿಷ್ ಓದುವವರಿಗೆ ವಿವರವಾಗಿ ತಿಳಿಸಿದವನು ಇಲ್ಲಿ ಆಡಳಿತ ನಡೆಸಿದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಅವನು ಅಕ್ಕರೆಯಿಂದ ಬರೆದಿದ್ದಾನೆ, ಆದರೂ 1857-58ರಲ್ಲಿ ರಾಜಾ ವೆಂಕಟಪ್ಪ ನಾಯಕ ಬಂಡೆದ್ದ ಕಥೆ ಅವನ ಲೇಖನಿಯಲ್ಲಿ ಬೇರೆಯಾಗಿ ಕಾಣುತ್ತದೆ, ಇಲ್ಲಿನವರ ಬಾಯಲ್ಲಿ ಬೇರೆಯಾಗಿ. ಕಥೆ ಹೇಳುವ ಅಧಿಕಾರ ಯಾರ ಕೈಯಲ್ಲಿತ್ತೆಂಬುದನ್ನು ಬಿಟ್ಟು ಬಣ್ಣ, ಉಡುಪು, ಮುಖಗಳ ಲೆಕ್ಕ ಹಾಕುವುದು ಸಾಕಾಗದು.

ಈ ಕಾರಣಕ್ಕಾಗಿಯೇ 1920ರ 'ದ ಡಾಟರ್ ಆಫ್ ಡಾನ್' ಚಿತ್ರವನ್ನು ಸೇರಿಸಬೇಕೆಂದು ಸೂಚಿಸುತ್ತೇನೆ. ಅದರ ನಿರ್ದೇಶಕ ನಾರ್ಬರ್ಟ್ ಮೈಲ್ಸ್ ಬಿಳಿಯನೇ. ಆದರೆ ಒಕ್ಲಹೋಮಾದ ವಿಚಿಟಾ ಬೆಟ್ಟಗಳಲ್ಲಿ ಚಿತ್ರೀಕರಿಸಿದ ಅದರಲ್ಲಿ ಕಯೋವಾ ಮತ್ತು ಕಮಾಂಚೆ ಎಂಬ ಮೂಲನಿವಾಸಿ ಜನಾಂಗಗಳ ಮುನ್ನೂರಕ್ಕೂ ಹೆಚ್ಚು ಜನರು ತಮ್ಮದೇ ಬಟ್ಟೆಬರೆ, ಡೇರೆ, ಕುದುರೆಗಳೊಂದಿಗೆ ನಟಿಸಿದ್ದಾರೆ. ಕಮಾಂಚೆ ನಾಯಕ ಕ್ವಾನಾ ಪಾರ್ಕರ್‌ನ ಮಗನೂ ಮಗಳೂ ಅದರಲ್ಲಿದ್ದಾರೆ. ಬಿಳಿಯ ಪಾತ್ರ ಒಂದೂ ಇಲ್ಲ. ಒಂದು ಹುಡುಗಿಯನ್ನು ಇಬ್ಬರು ಯುವಕರು ಬಯಸುವ ಸಾಮಾನ್ಯ ಪ್ರೇಮಕಥೆ ಅದು, ಅದರ ಬೆಲೆಯಿರುವುದೂ ಅಲ್ಲಿಯೇ. ಅವರಿಗೂ ಪ್ರೇಮ, ಹೊಟ್ಟೆಕಿಚ್ಚು, ಹೇಡಿತನ, ಬೇಟೆಯ ಹಸಿವು ಇವೆಲ್ಲ ಇದ್ದವೆಂದು ತೋರಿಸಲು ಬಿಳಿಯ ಸಾಕ್ಷಿಯೊಬ್ಬ ಬೇಕಾಗಲಿಲ್ಲ. ಬಹುಕಾಲ ಕಾಣೆಯಾಗಿದ್ದ ಚಿತ್ರ ಈ ಶತಮಾನದಲ್ಲಿ ಸಿಕ್ಕಿ, ಒಕ್ಲಹೋಮಾ ಇತಿಹಾಸ ಸಂಸ್ಥೆಯ ಮೂಲಕ ದುರಸ್ತಿಯಾಗಿ, 2013ರಲ್ಲಿ ರಾಷ್ಟ್ರೀಯ ಪಟ್ಟಿಗೆ ಸೇರಿದೆ.

ಉಪನ್ಯಾಸಕಿ, ಕಲಬುರಗಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಸುರಪುರದ ಸರ್ ಅವರ ಆಕ್ಷೇಪಣೆಯನ್ನು ತರಗತಿಯಲ್ಲಿ ಹಾಗೆಯೇ ಓದಿ ಹೇಳುತ್ತೇನೆ, ಏಕೆಂದರೆ ಜೆಫ್ರೀಸ್ ಚಿತ್ರವನ್ನು ನೋಡಿ ಸಂತೋಷಪಡುವವರೂ ಅದನ್ನು ಪ್ರಶ್ನಿಸುವವರೂ ಒಂದೇ ಬೆಂಚಿನಲ್ಲಿ ಕೂತಿರಬೇಕೆಂಬುದು ನನ್ನ ಆಸೆ. ಮೆಕ್ಸಿಕನ್ನರ ಬಗ್ಗೆ, ಮತ್ತು ಕುದುರೆ ಏರಿದ ಹೆಣ್ಣುಮಕ್ಕಳ ಬಗ್ಗೆ ಯಾರಾದರೂ ಹೇಳುವಿರಾ?

ಉತ್ತರ: ಕೋಟೆ ಓಣಿ, ಬೀದರ್

ಮೆಕ್ಸಿಕನ್ನರನ್ನು ಹೀಯಾಳಿಸುವ ಹೆಸರನ್ನು ಚಿತ್ರದ ಶೀರ್ಷಿಕೆಯಲ್ಲೇ ಇಟ್ಟುಕೊಂಡ ಒಂದು ರೀಲಿನ ಚಿತ್ರಗಳು 1910ರ ದಶಕದಲ್ಲಿ ಸಾಲುಸಾಲಾಗಿ ಬಂದವು. ದನಗಾಹಿಯ ಹಗ್ಗ, ಜೀನು, ಟೋಪಿ, ಸವಾರಿಯ ಕ್ರಮ ಇವೆಲ್ಲವನ್ನೂ ಅಮೆರಿಕನ್ನರು ಕಲಿತದ್ದು ಮೆಕ್ಸಿಕೋದ ದನಗಾಹಿಗಳಿಂದಲೇ ಎಂಬುದನ್ನು ನೆನೆದರೆ ಇದು ಇನ್ನಷ್ಟು ನೋಯಿಸುತ್ತದೆ. ಇದನ್ನು ಎದುರಿಸಿ ಸ್ವಲ್ಪಮಟ್ಟಿಗಾದರೂ ಗೆದ್ದದ್ದು ಮೆಕ್ಸಿಕೋ ಸರ್ಕಾರ. 1922ರಲ್ಲಿ ಅದು ತನ್ನ ಜನರನ್ನು ಅವಮಾನಿಸುವ ಚಿತ್ರವನ್ನು ಮಾತ್ರವಲ್ಲದೆ, ಅಂಥ ಚಿತ್ರ ಮಾಡಿದ ಕಂಪನಿಯ ಎಲ್ಲ ಚಿತ್ರಗಳನ್ನೂ ನಿಷೇಧಿಸಲು ಮುಂದಾಯಿತು. ಮಾರುಕಟ್ಟೆ ಕೈತಪ್ಪುವುದೆಂಬ ಭಯವಾದಾಗ ಕಂಪನಿಗಳು ತಿದ್ದಿಕೊಳ್ಳುತ್ತವೆಂಬುದಕ್ಕೆ ಇದು ಸಾಕ್ಷಿ. ಮೂಲನಿವಾಸಿಗಳ ಬಳಿ ಅಂಥ ಮಾರುಕಟ್ಟೆಯೂ ಇರಲಿಲ್ಲ, ಗಡಿಯೂ ಇರಲಿಲ್ಲ.

ಸಿಸ್ಕೋ ಕಿಡ್ ಪಾತ್ರದ ಇತಿಹಾಸವೂ ಗಮನಾರ್ಹ. 1907ರ ಓ. ಹೆನ್ರಿಯ ಮೂಲಕಥೆಯಲ್ಲಿ ಅವನು ನಿರ್ದಯ ಕೊಲೆಗಾರ. ಚಿತ್ರಗಳಲ್ಲಿ ಅವನು ಬಡವರ ಪರ ನಿಲ್ಲುವ ಮೆಕ್ಸಿಕನ್ ರಸಿಕನಾದ. ಆ ಪಾತ್ರಕ್ಕೆ ಅಕಾಡೆಮಿ ಪ್ರಶಸ್ತಿ ಪಡೆದ ವಾರ್ನರ್ ಬ್ಯಾಕ್ಸ್ಟರ್ ಒಹಾಯೋದ ಬಿಳಿಯ. ಮೆಕ್ಸಿಕೋದ ಹ್ವಾರೆಸ್‌ನಲ್ಲಿ ಹುಟ್ಟಿದ ಗಿಲ್ಬರ್ಟ್ ರೋಲಂಡ್‌ಗೆ ಅದೇ ಪಾತ್ರ ಸಿಕ್ಕದ್ದು 1946ರ ಹೊತ್ತಿಗೆ, ಅದೂ ಮಾನೋಗ್ರಾಮ್‌ನ ಸಣ್ಣ ಚಿತ್ರಗಳಲ್ಲಿ. ದೊಡ್ಡ ಸ್ಟುಡಿಯೋ ಬಿಟ್ಟುಬಿಟ್ಟ ಪಾತ್ರ ಸಣ್ಣ ಕಂಪನಿಯ ಕೈಗೆ ಬಂದ ಮೇಲೆ ಅದು ಸೇರಬೇಕಾದವರನ್ನು ಸೇರಿತು.

ಹೆಣ್ಣುಮಕ್ಕಳ ವಿಷಯ ಚಿಕ್ಕದು. ಟೆಕ್ಸಾಸ್ ಗೈನಾನ್ 1917ರ ನಂತರದ ಕೆಲವು ವರ್ಷ ಎರಡು ರೀಲಿನ ಚಿತ್ರಗಳಲ್ಲಿ ಬಂದೂಕು ಹಿಡಿದ ನಾಯಕಿಯಾಗಿದ್ದರು. ಗ್ರ್ಯಾಂಡ್ ನ್ಯಾಷನಲ್ ಕಂಪನಿ 1938-39ರಲ್ಲಿ ಡೊರೊತಿ ಪೇಜ್ ಅವರನ್ನು ಹಾಡುವ ಕೌಗರ್ಲ್ ಆಗಿಸಿ ಮೂರು ಚಿತ್ರ ಮಾಡಿತು, ಅವು ಓಡಲಿಲ್ಲ. ಇಬ್ಬರೂ ಬಿಳಿಯರೇ. ಅದೇ ಕಾಲದಲ್ಲಿ ಮುಂಬಯಿಯ ವಾಡಿಯಾ ಸಂಸ್ಥೆಯ ಸ್ಟಂಟ್ ಚಿತ್ರಗಳಲ್ಲಿ ಚಾವಟಿ ಹಿಡಿದ ನಾದಿಯಾ 1935ರಿಂದ ಜಯಭೇರಿ ಹೊಡೆಯುತ್ತಿದ್ದರೆಂಬುದನ್ನು ಜೊತೆಗೇ ಹೇಳಬಹುದು, ಆಕೆಯೂ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿದ ಬಿಳಿಯ ಹೆಣ್ಣುಮಗಳೆಂಬುದನ್ನು ಮರೆಯದೆ.

ಉತ್ತರ: ರೀಲು ಡಬ್ಬಿ, ಕಲಬುರಗಿ

ಪ್ರದರ್ಶನದ ಬಗ್ಗೆ ಎರಡು ಮಾತು. ನಮ್ಮ ದೇಶದ ಕಾನೂನಿನಲ್ಲಿ ಚಲನಚಿತ್ರದ ಹಕ್ಕುಸ್ವಾಮ್ಯದ ಅವಧಿ 60 ವರ್ಷ. ಆದ್ದರಿಂದ ಇಲ್ಲಿ ಹೆಸರಿಸಿದ ಮೂಲಚಿತ್ರಗಳಿಗೆ ಅದರ ತೊಡಕಿಲ್ಲ. ಆದರೆ ಹೊಸದಾಗಿ ಕೂಡಿಸಿದ ಸಂಗೀತಕ್ಕೆ ಬೇರೆ ಹಕ್ಕಿರುತ್ತದೆ, ಅದನ್ನು ನೋಡಿಕೊಳ್ಳಿ. ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರಿಗಷ್ಟೇ ತೋರಿಸುವ ಕಾಲೇಜು ಪ್ರದರ್ಶನಕ್ಕೆ ಕಾನೂನೇ ವಿನಾಯಿತಿ ಕೊಟ್ಟಿದೆ. ಎರಡನೆಯದು ವೇಗ. ಆ ಕಾಲದ ಮೂಕಿ ಚಿತ್ರಗಳನ್ನು ಸೆಕೆಂಡಿಗೆ 16ರಿಂದ 18 ಚೌಕಟ್ಟುಗಳಂತೆ ತೆಗೆದದ್ದೇ ಹೆಚ್ಚು. ಅಂತರ್ಜಾಲದ ಕೆಲವು ಪ್ರತಿಗಳನ್ನು 24ರ ವೇಗದಲ್ಲಿ ಹಾಕಿರುವುದರಿಂದ ಜನ ದಡಬಡಿಸಿ ಓಡಿದಂತೆ ಕಾಣುತ್ತದೆ, ಹುಡುಗರು ನಗುತ್ತಾರೆ. ನೋಡುವ ತಂತ್ರಾಂಶದಲ್ಲಿ ವೇಗವನ್ನು ಮುಕ್ಕಾಲಿಗೆ ಇಳಿಸಿದರೆ ರೆಡ್ ವಿಂಗ್ ಅವರ ನಡೆ, ಕುದುರೆಯ ಹೆಜ್ಜೆ ಎಲ್ಲವೂ ಸಹಜವಾಗುತ್ತವೆ. ನಡುವೆ ಬರುವ ಬರಹದ ಫಲಕಗಳನ್ನು ತೆರೆಯ ಪಕ್ಕ ನಿಂತು ಒಬ್ಬರು ಗಟ್ಟಿಯಾಗಿ ಓದುವ ಪದ್ಧತಿ ನಮ್ಮ ದೇಶದ ಮೂಕಿ ಕಾಲದಲ್ಲೂ ಇತ್ತು, ಅದನ್ನೇ ಅನುಸರಿಸಬಹುದು.

ಉಪನ್ಯಾಸಕಿ, ಕಲಬುರಗಿ

ನಿಮ್ಮೆಲ್ಲರ ಸಲಹೆಯಂತೆ ಕ್ರಮವನ್ನು ಹೀಗೆ ನಿಶ್ಚಯಿಸಿದ್ದೇನೆ. ಮೊದಲು 'ವೈಟ್ ಫಾನ್ಸ್ ಡಿವೋಶನ್' ಪೂರ್ತಿ, ಅದರ ಬೆನ್ನಿಗೆ 'ದ ಸ್ಕ್ವಾ ಮ್ಯಾನ್' ಚಿತ್ರದ ಅಂತ್ಯ. ಮುಂದಿನ ವಾರ 'ದ ಡಾಟರ್ ಆಫ್ ಡಾನ್'. ಆಮೇಲೆ ಮಿಶೋ, ಕೊನೆಗೆ ಜೆಫ್ರೀಸ್. ಮಿಶೋ ಎತ್ತಿದ ಪ್ರಶ್ನೆಗಳು ಕಿವಿಯಲ್ಲಿರುವಾಗಲೇ 'ದ ಬ್ರಾಂಜ್ ಬಕರೂ' ನೋಡಿದರೆ ಚರ್ಚೆಗೆ ಕಸುವು ಬರುತ್ತದೆಂದು ನನ್ನ ನಂಬಿಕೆ. ಬಿಲ್ ಪಿಕೆಟ್ ಅವರ ಪೋಸ್ಟರುಗಳನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಚ್ಚಿಸುತ್ತೇನೆ.

ಫಲಕಗಳನ್ನು ಓದಲು ವಿದ್ಯಾರ್ಥಿಗಳೇ ಮುಂದೆ ಬಂದಿದ್ದಾರೆ. ಕನ್ನಡದಲ್ಲಿ ಒಬ್ಬರು, ದಖನಿಯಲ್ಲಿ ಒಬ್ಬರು, ಗೋರ್ ಬೋಲಿಯಲ್ಲಿ ಒಬ್ಬರು ಸರದಿಯಂತೆ ಓದುವುದೆಂದು ಮಾತಾಗಿದೆ. ಮೊದಲ ಚಿತ್ರದ ಫಲಕಗಳ ಕನ್ನಡ ಪಠ್ಯ ಸಿದ್ಧವಾದೊಡನೆ ಇಲ್ಲಿಯೇ ಹಾಕುತ್ತೇನೆ, ಬಿಡುವಾದಾಗ ನೋಡಿ ತಿದ್ದಿಕೊಡಬೇಕೆಂದು ವಿನಂತಿ. ದಖನಿ ಪಠ್ಯವನ್ನು ನೋಡಿಕೊಡಬಲ್ಲ ಬೀದರಿನವರು ಯಾರಾದರೂ ಇದ್ದರೆ ದಯವಿಟ್ಟು ಈ ಕೆಳಗೆ ಬರೆಯಿರಿ.